ಬೆರ್ಚಪ್ಪನಿಗೆ ಕಟ್ಟಿದ ಟೊಮೆಟೊ ಗಿಡ

ಬಹಳ ಹಿಂದೆ, ಗಿಡಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ತೊಂಡೆಗೆರೆ ಎಂಬ ಒಂದು ರಾಜ್ಯವಿತ್ತು. ಅಲ್ಲಿ ಮಳೆ ಬೆಳೆ ಚೆನ್ನಾಗಿತ್ತು, ರಾಜ ಒಳ್ಳೆಯವನು, ಪ್ರಜೆಗಳೂ ಒಳ್ಳೆಯವರು. ಅವರಿಗೆ ಇದ್ದದ್ದು ಒಂದೇ ರೋಗ. ಇನ್ನೊಬ್ಬರ ಹಿತ್ತಲಲ್ಲಿ ಒಂದು ಗಿಡ ಕಂಡರೆ ಸಾಕು, ಅದಕ್ಕೆ ಏನು ಮಾಡಬೇಕೆಂದು ಹೇಳದೆ ಅವರಿಗೆ ಉಂಡ ಅನ್ನ ಕರಗುತ್ತಿರಲಿಲ್ಲ. ಈ ಕತೆ ಹೇಳುವಾಗ ನನಗೇ ತಲೆ ಚಿಟ್ಟು ಹಿಡಿಯುತ್ತದೆ. ಅವರ ನಡುವೆ ಬದುಕಿದ ಕೊಟ್ರಮ್ಮನ ಪಾಡು ನೀವೇ ಊಹಿಸಿ.

ಕೊಟ್ರಮ್ಮನ ಗಂಡ ಹಾಲಪ್ಪನಿಗೆ ಈ ರೋಗ ಊರಿಗೆಲ್ಲ ಹೆಚ್ಚು. ಕೆಟ್ಟವನಲ್ಲ. ಹೆಂಡತಿಗೆ ನೀರು ಸೇದಿಕೊಡುತ್ತಿದ್ದ, ರೊಟ್ಟಿ ಸೀದಿದ್ದರೂ ತಿನ್ನುತ್ತಿದ್ದ. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಅವನು ಬೆಟ್ಟದ ದಾರಿಯಲ್ಲಿ ಹೋಗುತ್ತಾ ಉರಿಮೀಸೆ ಎಂಬ ಮಾಂತ್ರಿಕನ ತೋಟವನ್ನು ಬೇಲಿಯ ಮೇಲಿಂದ ಇಣುಕಿ ನೋಡಿ, "ಸ್ವಾಮಿ, ಟೊಮೆಟೊಗೆ ಹಿಂಗಲ್ಲ ಪಾತಿ ಮಾಡೋದು" ಅಂದ. ಉರಿಮೀಸೆ ಬಲಗೈಯ ತೋರುಬೆರಳನ್ನು ಅವನತ್ತ ಚಾಚಿದ. ಅವನ ಮಂತ್ರವೆಲ್ಲ ಇದ್ದದ್ದು ಆ ಬೆರಳಿನ ತುದಿಯಲ್ಲಿ. ಹಾಲಪ್ಪ ನಿಂತಲ್ಲೇ ಹುಲ್ಲಿನ ಬೆರ್ಚಪ್ಪನಾದ. ತಲೆ ಮಡಕೆಯಾಯಿತು, ಕೈಗಳು ಎರಡು ಕೋಲಾದವು. ಬಾಯಿ ಮಾತ್ರ ಹಾಗೇ ಉಳಿಯಿತು.

ಕೊಟ್ರಮ್ಮ ಅಳುತ್ತಾ ಬೆಟ್ಟ ಹತ್ತಿದಳು. ಉರಿಮೀಸೆ ಮೀಸೆ ತೀಡಿಕೊಂಡು ಹೇಳಿದ: "ನೋಡಮ್ಮ, ಮೂರು ಸಲ ಬಾ, ಮೂರು ಸಸಿ ಕೊಡ್ತೀನಿ. ನಿನ್ನ ಹಿತ್ತಲಲ್ಲಿ ಬೆಳೆದು, ಗಿಡದಲ್ಲೇ ಕೆಂಪಾದ ಒಂದು ಟೊಮೆಟೊ ಅವನ ಬಾಯಿಗಿಡು. ಮನುಷ್ಯ ಆಗ್ತಾನೆ. ಮೂರೂ ಸತ್ತರೆ ಅವನು ಹುಲ್ಲೇ."

"ನೀವು ಗಿಡಕ್ಕೆ ಮಾಟ ಮಾಡಿದ್ರೆ?"

"ಮಾಡಲ್ಲ. ಮುಟ್ಟೋದೂ ಇಲ್ಲ. ನಿನ್ನ ಗಂಡ ಇದಾನೆ, ನಿನ್ನ ಓಣಿ ಐತೆ. ನನ್ನ ಕೆಲಸ ಅವರೇ ಮಾಡ್ತಾರೆ" ಎಂದು ಅವನು ನಕ್ಕ.

ಕೊಟ್ರಮ್ಮ ಬೆರ್ಚಪ್ಪನನ್ನು ಹೊತ್ತು ತಂದು ಹಿತ್ತಲಲ್ಲಿ ನೆಟ್ಟಳು. ಅವನು ನೆಟ್ಟಗೆ ನಿಂತವನೇ, "ಲೇ ಕೊಟ್ರಿ, ಕಾಯಿ ಇರೋ ಸಸೀನೇ ತಗಂಬಾ. ಅರ್ಧ ಕೆಲಸ ಮುಗಿದಂಗೆ" ಅಂದ. ಮಾತು ಸರಿ ಅನ್ನಿಸಿತು. ಮಾಂತ್ರಿಕನ ಸಸಿಮಡಿಯಲ್ಲಿ ನೂರಾರು ಸಸಿಗಳು ಅವಳ ಸೆರಗು ಎಳೆದವು. ಎಲ್ಲಕ್ಕಿಂತ ಎತ್ತರದ ಒಂದು ಸಸಿ, "ನನ್ನ ನೋಡು, ಅಂಗೈಯಗಲ ಕುಂಡದಲ್ಲೇ ಎರಡು ಕಾಯಿ ಬಿಟ್ಟಿದೀನಿ" ಎಂದು ಬೀಗಿತು. ಕೊಟ್ರಮ್ಮ ಅದನ್ನೇ ತಂದಳು. ಅದರ ಬೇರು ಕುಂಡದೊಳಗೆ ಸುತ್ತಿ ಸುತ್ತಿ ಸಿಂಬಿಯಾಗಿತ್ತು, ಮಣ್ಣಿಗೆ ಇಳಿಯಲೇ ಇಲ್ಲ. ಎಂಟು ದಿನಕ್ಕೆ ಗಿಡ ಒಣಗಿತು, ಕಾಯಿ ಸುಕ್ಕಾಗಿ ಬಿತ್ತು.

"ನಾನು ಅವಾಗ್ಲೇ ಅಂದ್ಕಂಡಿದ್ದೆ" ಅಂದ ಬೆರ್ಚಪ್ಪ. ಕೊಟ್ರಮ್ಮ ಹಲ್ಲು ಕಚ್ಚಿಕೊಂಡು ಮತ್ತೆ ಬೆಟ್ಟ ಹತ್ತಿದಳು.

ಎರಡನೆಯ ಸಸಿ ನಡುವಿನ ಎತ್ತರದ್ದು, ಹಸಿರಾಗಿತ್ತು, ಮರ್ಯಾದಸ್ಥನ ಹಾಗೆ ಕಾಣುತ್ತಿತ್ತು. ಆದರೆ ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತ್ತು. ಶಾಪ ಬಿಡಿಸುವ ಗಿಡ ಅಂದಮೇಲೆ ಅದಕ್ಕೆ ನೀರೆರೆದರೆ ಪುಣ್ಯ ಬರಬೇಕಲ್ಲ. ಬೆಳಿಗ್ಗೆ ಸ್ನಾನ ಮಾಡಿದವರೆಲ್ಲ ಒದ್ದೆ ಸೀರೆಯಲ್ಲಿ ಬಂದು, ಬುಡಕ್ಕೆ ಅರಿಶಿನ ಕುಂಕುಮ ಹಾಕಿ, ಒಂದೊಂದು ಚೊಂಬು ನೀರು ಸುರಿದು, ತುಳಸಿಗೆ ಬಂದ ಹಾಗೆ ಮೂರು ಸುತ್ತು ಬಂದರು. ಓಣಿಯಲ್ಲಿ ನಲವತ್ತು ಮನೆ. ನಲವತ್ತು ಚೊಂಬು. ಇದು ಸಾಲದೆಂದು ರಾಜನೂ ಪ್ರೀತಿಯಿಂದ ಒಂದು ಗಾಡಿ ಆನೆಲದ್ದಿ ಕಳಿಸಿದ. ಬೇಡ ಎನ್ನೋಣವೆಂದರೆ ಅವನು ರಾಜ.

ಗಿಡ ಸೂರು ದಾಟಿ ಬೆಳೆಯಿತು. ಎಲೆ, ಎಲೆ, ಬರೀ ಎಲೆ.

"ಕಾಯಿ ಯಾವಾಗಪ್ಪ ಬಿಡ್ತೀಯ?" ಕೊಟ್ರಮ್ಮ ಕೇಳಿದಳು.

"ಕೂತಲ್ಲಿಗೆ ಇಷ್ಟು ಊಟ ಬರುವಾಗ ನಾನ್ಯಾಕೆ ಕಾಯಿ ಬಿಡೋ ಕಷ್ಟ ತಗೊಳ್ಳಲಿ?" ಅಂದಿತು ಗಿಡ.

ಕೊನೆಗೆ ತುದಿಯಲ್ಲಿ ಒಂದೇ ಒಂದು ಹೀಚು ಕಂಡಿತು. ಪಕ್ಕದ ಮನೆಯ ಗೌರಜ್ಜಿ ಸಂತೋಷಕ್ಕೆ ಮೈಮರೆತು ಅದಕ್ಕೆ ಬೆರಳು ತೋರಿಸಿಬಿಟ್ಟಳು. ಹೀಚಿಗೆ ಬೆರಳು ತೋರಿಸಿದರೆ ಅದು ಕೊಳೆಯುತ್ತದೆ ಎಂಬುದು ತೊಂಡೆಗೆರೆಯ ಕೂಸಿಗೂ ಗೊತ್ತು. ಮರೆತು ತೋರಿಸಿದವರು ಆ ಬೆರಳನ್ನು ತಾವೇ ಕಚ್ಚಿಕೊಳ್ಳಬೇಕು. "ಬೆರಳು ಕಚ್ಕೋ ಅಜ್ಜಿ, ಬೆರಳು ಕಚ್ಕೋ" ಎಂದು ಎಲ್ಲರೂ ಕೂಗಿದರು. ಅಜ್ಜಿ ಬೊಚ್ಚು ಬಾಯಲ್ಲೇ ಕಚ್ಚಿಕೊಂಡಳು. ದೃಷ್ಟಿಯೇನೋ ಹೋಯಿತು, ನಲವತ್ತು ಚೊಂಬು ನೀರು ಎಲ್ಲಿಗೆ ಹೋಗಬೇಕು? ಬೇರು ಕೊಳೆತು ಮಾರನೆಯ ದಿನ ಗಿಡ ಅಡ್ಡ ಬಿತ್ತು.

"ನೀರು ಸಾಲಲಿಲ್ಲ ಅಂತ ಕಾಣ್ತದೆ" ಅಂದ ಬೆರ್ಚಪ್ಪ.

ಆಗ ಕೊಟ್ರಮ್ಮನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಉಳಿದದ್ದು ಒಂದೇ ಸಸಿ. ಅದೂ ಹೋದರೆ ಗಂಡ ಜೀವನಪೂರ್ತಿ ಹುಲ್ಲು. ಅವಳು ಮೂರನೆಯ ಸಸಿಗೆಂದು ಬೆಟ್ಟ ಹತ್ತಿದಾಗ ಯಾರ ಮಾತನ್ನೂ ಕೇಳಲಿಲ್ಲ. ಸಸಿಗಳೆಲ್ಲ ಕೂಗಿದವು. ಮೂಲೆಯಲ್ಲಿ ಗೇಣುದ್ದದ ಒಂದು ಸಸಿ ಮಾತ್ರ ಸುಮ್ಮನಿತ್ತು. ದಪ್ಪ ಕಾಂಡ, ಕಡು ಹಸಿರು ಎಲೆ, ಒಂದು ಹೂವೂ ಇಲ್ಲ.

"ನೀನ್ಯಾಕೆ ಮಾತಾಡಲ್ಲ?" ಅಂದಳು.

"ಬೇರು ಬಿಡ್ತಾ ಇದೀನಿ. ತೊಂದರೆ ಕೊಡಬೇಡ" ಅಂದಿತು ಸಸಿ.

ಇಂಥವರನ್ನು ನೋಡಿ ಎಷ್ಟು ದಿನವಾಯಿತೋ ಎಂದು ಅವಳಿಗೆ ಕಣ್ಣಲ್ಲಿ ನೀರು ಬಂತು. ಉರಿಮೀಸೆಯ ನಗು ಅಂದು ಸ್ವಲ್ಪ ಕಡಿಮೆಯಾಯಿತು.

ಮನೆಗೆ ಬಂದು, ಬಿಸಿಲು ಚೆನ್ನಾಗಿ ಬೀಳುವ ಕಡೆ ಆಳವಾಗಿ ಗುಂಡಿ ತೆಗೆದು, ಕೆಳಗಿನ ಎಲೆಗಳನ್ನು ಚಿವುಟಿ, ಸಸಿಯನ್ನು ಕುತ್ತಿಗೆವರೆಗೆ ಮಣ್ಣಿನಲ್ಲಿ ಇಳಿಸಿದಳು. "ಜೀವಂತ ಹೂಳ್ತಾ ಇದಾಳೆ, ಯಾರಾದ್ರೂ ಬರ್ರಪ್ಪೋ" ಎಂದು ಬೆರ್ಚಪ್ಪ ಅರಚಿದ. ಓಣಿಗೆ ಓಣಿಯೇ ಚೊಂಬು ಹಿಡಿದು ಓಡಿ ಬಂತು. ಕೊಟ್ರಮ್ಮ ಬಾಗಿಲಿಗೆ ಜಾಲಿಮುಳ್ಳು ಎಳೆದು, "ಮಣ್ಣಿಗೆ ಬೆರಳಿಟ್ಟು ನೋಡ್ತೀನಿ. ಒಣಗಿದ್ರೆ ನೀರು ಹಾಕ್ತೀನಿ, ಇಲ್ಲಾಂದ್ರೆ ಇಲ್ಲ. ನಿಮ್ಮ ಪುಣ್ಯ ನಿಮ್ಮ ಮನೇಲಿರಲಿ" ಅಂದಳು.

ಗಿಡ ಬೆಳೆಯಿತು. ಅದಕ್ಕೊಂದು ಊರುಗೋಲು ಬೇಕಾಯಿತು. ಹಿತ್ತಲಲ್ಲಿ ಗಟ್ಟಿಯಾಗಿ ನಿಂತಿದ್ದವನು ಗಂಡನೊಬ್ಬನೇ. ಹಳೇ ಸೀರೆಯ ಅಂಚು ಹರಿದು, ಅವಳು ಗಿಡವನ್ನು ಅವನ ಮೈಗೆ ಕಟ್ಟಿದಳು.

"ನೋಡ್ರೀ, ನೀವು ಬಾಯಿ ಬಿಟ್ರೆ ಹುಲ್ಲು ಅಲುಗಾಡ್ತದೆ. ಹುಲ್ಲು ಅಲುಗಾಡಿದ್ರೆ ಹೂವು ಉದುರ್ತಾವೆ. ಹೂವು ಉದುರಿದ್ರೆ ನೀವು ಹಿಂಗೇ. ನಂಗೆ ಹುಲ್ಲಿನ ಗಂಡ ಬ್ಯಾಡ."

ಆಮೇಲೆ ನಲವತ್ತು ದಿನ ಹಾಲಪ್ಪ ಮಾತಾಡಲಿಲ್ಲ. ಒಂದು ಸಲ ಮಾತ್ರ ಸೀನಿದ, ಎರಡು ಹೂವು ಉದುರಿದವು, ಹೆದರಿ ಮತ್ತೆ ಸೀನಲಿಲ್ಲ. ಅವನು ಸುಮ್ಮನಾದಮೇಲೆ ಕೊಟ್ರಮ್ಮನಿಗೆ ಹಾಯಾಗಬೇಕಿತ್ತು. ಆಗಲಿಲ್ಲ. ರೊಟ್ಟಿ ತಟ್ಟುವಾಗ ತಾನೇ ಹಿತ್ತಲ ಕಡೆ ಕಿವಿ ಕೊಡುತ್ತಿದ್ದಾಳೆಂದು ಗೊತ್ತಾದಾಗ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಗಿಡದಲ್ಲಿ ಐದು ಕಾಯಿ ನಿಂತವು. ಅದನ್ನು ಕೇಳಿದ ಉರಿಮೀಸೆಗೆ ತಡೆಯಲಾಗಲಿಲ್ಲ. ಬೆಟ್ಟ ಇಳಿದು ಬಂದು ಬೇಲಿಯ ಆಚೆ ನಿಂತ. ಊರೆಲ್ಲ ಅವನ ಹಿಂದೆ ನಿಂತಿತು.

"ಬೇರು ಹಿಡಿದೈತೋ ಇಲ್ವೋ, ಒಂದ್ಸಲ ಕಿತ್ತು ನೋಡಮ್ಮ" ಅಂದ.

"ಕೀಳಲ್ಲ."

"ಎಲೆ ಎಲ್ಲ ಸವರಿ ಹಾಕು. ಕಾಯಿಗೆ ಬಿಸಿಲು ಬೇಡ್ವಾ?"

"ಸವರಲ್ಲ."

"ಇನ್ನೊಂದು ಗಾಡಿ ಆನೆಲದ್ದಿ ಹಾಕು."

"ನಿಮ್ಮ ತೋಟಕ್ಕೆ ಹಾಕ್ಕೊಳ್ಳಿ ಸ್ವಾಮಿ."

ಹೇಳಿದ ಸಲಹೆ ಒಂದನ್ನೂ ಕೇಳದವಳನ್ನು ಉರಿಮೀಸೆ ಈ ರಾಜ್ಯದಲ್ಲಿ ಕಂಡಿರಲಿಲ್ಲ. ಅವನ ಮೀಸೆ ಹೊಗೆಯಾಡಿತು. "ಆ ಕಾಯಿ ಹಣ್ಣಾಗಲ್ಲ ಕಣೇ" ಎಂದು ಕಿರುಚಿ, ನಿಂಬೆಗಾತ್ರದ ಕಾಯಿಗೆ ಬೆರಳು ಚಾಚಿದ.

ಆಗ ನಲವತ್ತು ದಿನ ಬಾಯಿ ಕಟ್ಟಿಕೊಂಡಿದ್ದ ಬೆರ್ಚಪ್ಪನಿಗೆ ತಡೆಯಲಾಗಲಿಲ್ಲ. "ಕಾಯಿಗೆ ಬೆರಳು ತೋರಿಸ್ತಾರೇನೋ? ಬೆರಳು ಕಚ್ಕೋ" ಎಂದು ಗದರಿದ.

ಉರಿಮೀಸೆ ಎಷ್ಟು ದೊಡ್ಡ ಮಾಂತ್ರಿಕನಾದರೂ ತೊಂಡೆಗೆರೆಯ ತಾಯಿಯ ಮಗನೇ. ಚಿಕ್ಕಂದಿನಲ್ಲಿ ಅವ್ವ ಹೀಗೆ ಗದರಿದಾಗಲೆಲ್ಲ ಮಾಡಿದ್ದನ್ನೇ ಈಗಲೂ ಮಾಡಿದ. ಯೋಚಿಸುವ ಮೊದಲೇ ಬೆರಳು ಬಾಯಿಗೆ ಹೋಯಿತು, ಹಲ್ಲು ಕಚ್ಚಿತು. ಬೆರಳ ತುದಿಯಲ್ಲಿದ್ದ ಮಂತ್ರವೆಲ್ಲ ಗಾಳಿ ಬಿಟ್ಟ ಚೆಂಡಿನಂತೆ ಪುಸ್ಸೆಂದು ಹೊರಟುಹೋಯಿತು. ಮೀಸೆಯ ಹೊಗೆ ಆರಿತು. ಹಾಲಪ್ಪನ ಹಾಗೇ ಹಿಂದೆ ಅವನಿಗೆ ಸಲಹೆ ಕೊಟ್ಟು ಹುಲ್ಲಾಗಿ, ರಾಜ್ಯದ ಹೊಲಹೊಲಗಳಲ್ಲಿ ನಿಂತಿದ್ದ ಬೆರ್ಚಪ್ಪಗಳೆಲ್ಲ ಹುಲ್ಲು ಕೊಡವಿಕೊಂಡು, ಮನುಷ್ಯರಾಗಿ, ತಮ್ಮ ತಮ್ಮ ಮನೆಗೆ ನಡೆದರು.

ಹಾಲಪ್ಪನೂ ಮನುಷ್ಯನಾದ. ಊರವರು ಕುಣಿದರು. ಅವನು ಹೆಂಡತಿಯ ಕಡೆ ಒಂದು ಹೆಜ್ಜೆ ಎತ್ತಿದ.

"ನಿಲ್ರೀ" ಅಂದಳು ಕೊಟ್ರಮ್ಮ. "ಮೈಮೇಲೆ ಕಾಯಿ ಇದಾವೆ."

ಅವನು ಎತ್ತಿದ ಕಾಲು ಇಳಿಸಿ, ಕೈ ಅಗಲಿಸಿ, ಹಾಗೇ ನಿಂತ. ಅವಳು ಹೋಗಿ ಗಟ್ಟಿಯಾದ ಒಂದು ಕೋಲು ಹುಡುಕಿ ತಂದು ನೆಟ್ಟು, ಗಿಡವನ್ನು ಅವನಿಂದ ಬಿಡಿಸಿ ಅದಕ್ಕೆ ಕಟ್ಟುವವರೆಗೂ ಸುಡುಬಿಸಿಲಿನಲ್ಲಿ ತುಟಿ ಎರಡು ಮಾಡಲಿಲ್ಲ. ಅವಳು ಹಾಕಿದ ಗಂಟು ಸಡಿಲವಾಗಿತ್ತು. ಅದು ಅವನಿಗೆ ಕಾಣುತ್ತಿತ್ತು. ಹೇಳದೆ ಇರಲು ಅವನು ಪಡುತ್ತಿದ್ದ ಕಷ್ಟ ಅವಳಿಗೆ ಕಾಣುತ್ತಿತ್ತು.

"ಅದೇನು ಹೇಳ್ಬೇಕು ಅಂತಿದೀರೋ ಹೇಳಿಬಿಡ್ರೀ" ಅಂದಳು.

"ಗಂಟು ಸಡಿಲ ಐತೆ ಕಣೆ."

ಅವಳು ಮುಟ್ಟಿ ನೋಡಿದಳು. ಸಡಿಲವಿತ್ತು. ಬಿಚ್ಚಿ ಇನ್ನೊಮ್ಮೆ ಕಟ್ಟಿದಳು.

ಇಪ್ಪತ್ತು ದಿನಕ್ಕೆ ಕಾಯಿ ಕೆಂಪಾದವು. ಇಬ್ಬರೂ ರೊಟ್ಟಿಯ ಜೊತೆ ಅದರ ಗೊಜ್ಜು ತಿಂದರು, ಗೌರಜ್ಜಿಗೂ ಒಂದು ಬಟ್ಟಲು ಹೋಯಿತು. ಉರಿಮೀಸೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಓಣಿ ಓಣಿಗೆ ಗಟ್ಟಿ ಸಸಿ ಹಂಚುತ್ತಾ ಬದುಕಿದ. ಅಂದಿನಿಂದ ಆ ರಾಜ್ಯದಲ್ಲಿ ಬೇರೆಯವರ ಬೇಲಿಯ ಬಳಿ ನಿಂತು ಸಲಹೆ ಕೊಡುವವರು ಮೊದಲು ಬೆರಳು ಕಚ್ಚಿಕೊಳ್ಳಬೇಕೆಂದು ರಾಜ ಕಟ್ಟಳೆ ಮಾಡಿದ. ಬಾಯಲ್ಲಿ ಬೆರಳಿದ್ದರೆ ಹೆಚ್ಚು ಮಾತಾಡಲಾಗುವುದಿಲ್ಲ. ಹಾಗಾಗಿ ಗಿಡಗಳು ಬೆಳೆದವು, ಜನ ಸುಖವಾಗಿದ್ದರು, ಕೊಟ್ರಮ್ಮ ಮಾತ್ರ ತನ್ನ ಗಂಡನಿಗೆ ಆ ಕಟ್ಟಳೆಯಿಂದ ವಿನಾಯಿತಿ ಕೇಳಿ ಪಡೆದಳು.