ಏಳನೇ ನಂಬರಿನ ಬಾಗಿಲು

"ಏನಮ್ಮಾ... ಎಡಗಾಲಿನ ಶೂ ಲೇಸ್ ಬಿಚ್ಚಿದೆ. ಎಡವಿ ಬಿದ್ದೀಯಾ!"

ಫೋನಿನಲ್ಲಿ ಗಂಡಸಿನ ದನಿ. ನಿಧಾನವಾದ, ಮರ್ಯಾದಸ್ಥ ದನಿ. ಅಂಥವರೇ ಹೆಚ್ಚು ಅಪಾಯ.

ಕಾಲು ನೋಡಿಕೊಂಡೆ.

ಬಿಚ್ಚಿತ್ತು!

ಕೇಳಿ, ಆ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಪರದೆ ಎಳೆದಿತ್ತು. ಬಾಗಿಲಿಗೆ ಚಿಲಕ ಹಾಕಿತ್ತು. ಒಳಗೆ ಇಬ್ಬರೇ. ನಾನು, ಮತ್ತು ಮಂಚದ ಅಂಚಿನಲ್ಲಿ ಮುದುಡಿ ಕೂತಿದ್ದ ಲಿಫ್ಟ್ ಮೆಕ್ಯಾನಿಕ್. ಫೋನು ಅವನದು. ರಿಂಗಾದಾಗ ನಾನು ಕಸಿದುಕೊಂಡಿದ್ದೆ.

"ಅವನಿಗೆ ಹೇಳು," ಎಂದಿತು ದನಿ. "ಭಾವನ ಮನೆ ಅಂತ ನೆಮ್ಮದಿಯಾಗಿ ಮಲಗಬೇಡ ಅಂತ. ಅವನನ್ನ ನಮಗೆ ತೋರಿಸ್ತಾ ಇರೋದೇ ಆ ಮನೆ. ಹಿಂಬಾಗಿಲಿಂದ ಒಬ್ಬನೇ ಬಂದರೆ ಮಾತಾಡಿ ಮುಗಿಸೋಣ."

ಕರೆ ಕಟ್.

ಮೆಕ್ಯಾನಿಕ್‌ನ ಕತೆ ಚಿಕ್ಕದು. ಎಂಟು ಮಹಡಿಯ ಕಟ್ಟಡದಲ್ಲಿ ಲಿಫ್ಟು ಬಿತ್ತು. ನಾಲ್ಕು ಜನ ಸತ್ತರು. 'ಹಗ್ಗ ಸವೆದಿದೆ, ಲಿಫ್ಟ್ ನಿಲ್ಲಿಸಿ' ಎಂದು ಅವನು ತಿಂಗಳ ಮುಂಚೆಯೇ ಬರೆದುಕೊಟ್ಟಿದ್ದ. ಕಟ್ಟಡದ ಮಾಲೀಕ ಆ ಹಾಳೆ ಹರಿದು ಹಾಕಿದ. ಆದರೆ ಕಾರ್ಬನ್ ಪ್ರತಿ ಇವನ ಜೇಬಿನಲ್ಲಿತ್ತು! ಮಧ್ಯಾಹ್ನ ಎರಡಕ್ಕೆ ಕೋರ್ಟು. ತಲುಪಿದರೆ ಸತ್ಯ ಹೊರಗೆ. ತಲುಪದಿದ್ದರೆ ನಾಲ್ಕು ಹೆಣವೂ ಇವನ ತಲೆಯ ಮೇಲೆ.

ಆಗ ಗಂಟೆ ಹನ್ನೆರಡೂ ಮುಕ್ಕಾಲು.

ನಾನು ಯಾರು ಅಂದಿರಾ? ಇಪ್ಪತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದವಳು. ಈಗ ಮನೆಮನೆಯ ಇಂಟರ್ನೆಟ್ ರಿಪೇರಿ. ಕೆಲವೊಮ್ಮೆ ಬೇರೆ ರಿಪೇರಿಗಳೂ ಇರುತ್ತವೆ. ಬೆಳಿಗ್ಗೆ ಮೆಕ್ಯಾನಿಕ್‌ನ ಅಕ್ಕ ಫೋನ್ ಮಾಡಿ "ನೆಟ್ ಸ್ಲೋ ಇದೆ ಮೇಡಂ..." ಎಂದಿದ್ದಳು. ದನಿ ನಡುಗುತ್ತಿತ್ತು. ನೆಟ್ ಸ್ಲೋ ಆದರೆ ಯಾರೂ ಹಾಗೆ ನಡುಗುವುದಿಲ್ಲ.

ಕಣ್ಣು ಎಲ್ಲಿದೆ ಎಂದು ಹುಡುಕಿದೆ. ಫ್ಯಾನು, ಬಲ್ಬು, ಸ್ವಿಚ್ ಬೋರ್ಡು...

ಕಪಾಟಿನ ಮೇಲೆ, ಔಷಧಿ ಡಬ್ಬದ ಪಕ್ಕದಲ್ಲಿ, ಬಿಳಿ ಕ್ಯಾಮೆರಾ. ನಿಂಬೆಹಣ್ಣಿನಷ್ಟು.

ಕಾಣದವಳಂತೆ ಮುಖ ತಿರುಗಿಸಿದೆ. ಕಳ್ಳನ ಕಣ್ಣು ಕಟ್ಟುವ ಮೊದಲು ಅವನು ಏನು ನೋಡಲಿ ಎಂದು ಯೋಚಿಸಬೇಕು. ಮೆಕ್ಯಾನಿಕ್‌ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದೆ.

ಅಲ್ಲಿ ಭಾವ ನಿಂತಿದ್ದ. ವೃತ್ತಿಯಲ್ಲಿ ಟೈಲರ್. ಕೊರಳಲ್ಲಿ ಅಳತೆಯ ಟೇಪು ಹಾಗೇ ಇತ್ತು. ಕಪಾಟಿನ ಮೇಲಿನ ಕ್ಯಾಮೆರಾ ಯಾರದು ಎಂದು ಕೇಳಿದೆ.

"ಅದು ಭಾವನ ಕ್ಯಾಮೆರಾ!" ಮೆಕ್ಯಾನಿಕ್ ಹಲ್ಲು ಕಡಿದ. "ಅವನ ಫೋನಲ್ಲಿ ಮಾತ್ರ ಕಾಣೋದು. ಎಷ್ಟಕ್ಕೆ ಮಾರಿದೆ ನನ್ನ?"

"ಲೋ... ನಾನ್ಯಾಕೋ..."

"ಬಾಯಿ ಮುಚ್ಚು! ನಾನು ಹೊರಟೆ."

"ಹಿಂದಿನ ಓಣೀಲಿ ಬೈಕಿನ ಮೇಲೆ ಇಬ್ಬರಿದ್ದಾರೆ," ಅಕ್ಕ ಪಿಸುಗುಟ್ಟಿದಳು. "ಬಟ್ಟೆ ಒಣಗಿಸೋವಾಗ ನೋಡಿದೆ. ಮುಂದೆ ಕೆಂಪು ಟೋಪಿಯವನೊಬ್ಬ. ಪೊಲೀಸಿಗೆ..."

"ಪೊಲೀಸಾ? ಸ್ಟೇಷನ್ನಿಗೆ ಹೋಗಿ ಬಂದ ಹತ್ತೇ ನಿಮಿಷಕ್ಕೆ ಮೊದಲನೇ ಬೆದರಿಕೆ ಬಂದಿತ್ತು ಅಕ್ಕಾ!"

"ಐದು ನಿಮಿಷ ಕೊಡು," ಎಂದೆ. "ಆಮೇಲೂ ಸಾಯಬೇಕು ಅನ್ನಿಸಿದರೆ ಬಾಗಿಲು ನಾನೇ ತೆಗೀತೀನಿ."

ರೂಟರ್ ಫ್ರಿಜ್ಜಿನ ಮೇಲೆ ಇತ್ತು. ಧೂಳು ಬೀಳದಂತೆ ಭಾವ ಅದಕ್ಕೊಂದು ಬಟ್ಟೆಯ ಅಂಗಿ ಹೊಲಿದಿದ್ದ. ಪಾಸ್‌ವರ್ಡ್ ಅದರ ಬೆನ್ನ ಮೇಲೇ ಅಂಟಿತ್ತು. ಕೊಂಡ ದಿನದ್ದು, ಬದಲಾಯಿಸಿರಲೇ ಇಲ್ಲ.

"ನಿಮ್ಮ ಫೋನ್ ಆಫ್ ಮಾಡಿ," ಎಂದೆ ಭಾವನಿಗೆ. ಆಫ್ ಮಾಡಿ ಹೆಂಡತಿಯ ಕೈಗೆ ಕೊಟ್ಟ.

ನನ್ನ ಟ್ಯಾಬ್‌ನಲ್ಲಿ ರೂಟರ್‌ನ ಸೆಟ್ಟಿಂಗ್ಸ್ ಪುಟ ತೆರೆದೆ. ಈ ಗಳಿಗೆಯಲ್ಲಿ ಕ್ಯಾಮೆರಾಗೆ ಯಾರು ಯಾರು ಸೇರಿಕೊಂಡಿದ್ದಾರೆ?

ಒಬ್ಬ ಇದ್ದ. ಹೊರಗಿನವನು. ನೋಡುತ್ತಲೇ ಇದ್ದ!

"ನೋಡು," ಎಂದು ಮೆಕ್ಯಾನಿಕ್‌ನ ಮೂಗಿಗೆ ಸ್ಕ್ರೀನ್ ಹಿಡಿದೆ. "ನಿನ್ನ ಭಾವನ ಫೋನು ಸತ್ತಿದೆ. ಮತ್ತೆ ಇವನ್ಯಾರು?"

ಮೆಕ್ಯಾನಿಕ್ ಸ್ಕ್ರೀನಿಗೆ ಇನ್ನಷ್ಟು ಬಗ್ಗಿದ.

ಪೋರ್ಟ್ ಫಾರ್ವರ್ಡಿಂಗ್ ಎಂಬ ಪುಟಕ್ಕೆ ಹೋದೆ. ಅಲ್ಲಿ ಒಂದೇ ಒಂದು ಸಾಲು. ಹೆಸರು: ಗೇಟ್. ಹೊರಗಿನಿಂದ ಬಂದವರನ್ನು ಮನೆಯೊಳಗಿನ ಏಳನೇ ನಂಬರಿಗೆ ಕಳಿಸು ಎಂಬ ಆಜ್ಞೆ.

"ಗೇಟಿಗೆ ಕ್ಯಾಮೆರಾ ಇತ್ತಾ?"

"ಇತ್ತು ಮೇಡಂ," ಎಂದ ಭಾವ. "ನನ್ನ ಟೈಲರ್ ಅಂಗಡಿಯಿಂದ ನೋಡೋಕೆ ಅಂತ ಹಾಕಿಸಿದ್ದೆ. ಎರಡು ವರ್ಷದ ಹಿಂದೆ ಸುಟ್ಟುಹೋಯ್ತು."

ಅಷ್ಟೇ! ಕ್ಯಾಮೆರಾ ಸತ್ತಿತ್ತು. ಆಜ್ಞೆ ಬದುಕಿತ್ತು. ಏಳನೇ ನಂಬರು ಈಗ ಬಿಳಿ ಕ್ಯಾಮೆರಾದ್ದು.

ರೂಟರ್‌ಗೆ ಮುಖ ಗೊತ್ತಿಲ್ಲ, ನಂಬರ್ ಮಾತ್ರ ಗೊತ್ತು. ಲಾಡ್ಜಿನ ಏಳನೇ ರೂಮ್ ಖಾಲಿಯಾಯಿತು, ಹೊಸಬರು ಬಂದರು. ಹಳಬರನ್ನು ಕೇಳಿಕೊಂಡು ಬಂದವರನ್ನೆಲ್ಲ ಹೊಸಬರ ಮಂಚದವರೆಗೂ ಕರೆದೊಯ್ದು ಬಿಟ್ಟ ಹಾಗೆ!

"ಈ ಬಿಳಿ ಕ್ಯಾಮೆರಾ ಯಾವಾಗ ತಂದಿರಿ?"

"ಅಮ್ಮ ಹಾಸಿಗೆ ಹಿಡಿದಾಗ. ಗೇಟಿಗೆ ಹಾಕಿಕೊಟ್ಟ ಕ್ಯಾಮೆರಾ ಅಂಗಡಿಯಿಂದಲೇ ತಂದೆ. ಮರೆತುಹೋಗಬಾರದು ಅಂತ, ಆಗ ಅಂಗಡಿಯವನು ಕೊಟ್ಟಿದ್ದ ಹಳೇ ಪಾಸ್‌ವರ್ಡೇ ಹಾಕಿದೆ. ಬಾಯಾರಿದರೆ ಅಮ್ಮ ಕೈ ಎತ್ತೋಳು... ಓಡಿ ಬರ್ತಿದ್ದೆ." ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡ. "ಅಮ್ಮ ಹೋಗಿ ಆರು ತಿಂಗಳು. ತೆಗೆಯೋಕೆ ಮನಸ್ಸಾಗಲಿಲ್ಲ."

"ಆ ಕ್ಯಾಮೆರಾ ಅಂಗಡಿಯವನು ಇನ್ನೆಲ್ಲಿ ಕೆಲಸ ಮಾಡ್ತಾನೆ?"

ಉತ್ತರ ಮೆಕ್ಯಾನಿಕ್‌ನಿಂದ ಬಂತು. "ಆ ಎಂಟು ಮಹಡಿ ಕಟ್ಟಡದ ಕ್ಯಾಮೆರಾಗಳೆಲ್ಲ ಅವನದೇ."

ಅವನು ಭಾವನ ಕಡೆ ತಿರುಗಿದ. ಕಣ್ಣು ತುಂಬಿಕೊಂಡಿತು.

"ಅಳೋದು ಆಮೇಲೆ ಇರಲಿ," ಎಂದೆ. "ಈಗ ನಾಟಕ ಇದೆ."

ಅವರಿಗೆ ಬೇಕಾದದ್ದು ಒಂದೇ. ಭಾವ, ಭಾವಮೈದುನ ಕಚ್ಚಾಡಬೇಕು, ಇವನು ಹಿಂಬಾಗಿಲಿಂದ ಓಡಬೇಕು. ಸರಿ, ಕೊಡೋಣ! ಕ್ಯಾಮೆರಾದ ಮುಂದೆಯೇ ಕೊಡೋಣ. ಅದಕ್ಕೆ ಕಿವಿಯೂ ಇತ್ತು.

ಇಬ್ಬರೂ ಕೋಣೆಗೆ ಹೋದರು. ಬಾಗಿಲ ಸಂದಿಯಿಂದ ನೋಡಿದೆ.

"ನೀ... ನೀನೇ ನನ್ನ ಮಾರಿದ್ದು..." ಮೆಕ್ಯಾನಿಕ್ ತಡವರಿಸಿದ. ಹತ್ತು ನಿಮಿಷದ ಹಿಂದೆ ಬೆಂಕಿಯಂತೆ ಬಂದಿದ್ದ ಮಾತು ಈಗ ಗಂಟಲಲ್ಲೇ ಸಿಕ್ಕಿಕೊಂಡಿತು. ಕೈ ಎತ್ತಿದ. ಕೈ ಇಳಿಯಿತು.

ಕೆಲಸ ಕೆಡುತ್ತಿತ್ತು!

ಭಾವ ಕ್ಯಾಮೆರಾಗೆ ಬೆನ್ನು ಮಾಡಿದ. ತುಟಿ ಮಾತ್ರ ಅಲ್ಲಾಡಿತು. 'ಹೊಡಿಯೋ. ಪರವಾಗಿಲ್ಲ.'

ಆಮೇಲೆ ಜೋರಾಗಿ ಕೂಗಿದ. "ಹೌದು ಕಣೋ, ನಾನೇ ತೋರಿಸ್ದೆ! ಬಿಟ್ಟಿ ಅನ್ನ ತಿಂದ್ಕೊಂಡು ನನ್ನನ್ನೇ ಕೇಳ್ತೀಯಾ? ಥೂ!"

ಫಟಾರ್!

ಟೈಲರ್ ಮಂಚದ ಮೇಲೆ ಉರುಳಿದ.

"ಸಾಯಿ ಇಲ್ಲೇ! ಹಿಂದಿನ ಓಣಿಯಿಂದ ಹೋಗ್ತೀನಿ!" ಮೆಕ್ಯಾನಿಕ್ ಅರಚಿ ಹೊರಗೋಡಿ ಬಂದ. ಮುಖವೆಲ್ಲ ಕಣ್ಣೀರು.

ಮುಂದಿನ ಕಿಟಕಿಯಲ್ಲಿ ಅಕ್ಕ ನಿಂತಿದ್ದಳು. "ಟೋಪಿಯವನಿಗೆ ಫೋನ್ ಬಂತು... ಓಡಿದ... ಹಿಂದಕ್ಕೆ ಓಡಿದ!"

ನಾವು ಮುಂದಕ್ಕೆ ಓಡಿದೆವು.

ನನ್ನ ಹಳೆಯ ವ್ಯಾನು. ಮೆಕ್ಯಾನಿಕ್ ಏಣಿಯ ಕೆಳಗೆ, ಅಕ್ಕ ಕೇಬಲ್ ಸುರುಳಿಗಳ ನಡುವೆ. ಒಮ್ಮೆ ಹಾರ್ನ್ ಒತ್ತಿದೆ. ಅದು ಭಾವನಿಗೆ ಸೂಚನೆ. ಒಳಗೆ ಫ್ರಿಜ್ಜಿನ ಮುಂದೆ, ಊದುತ್ತಿದ್ದ ಕೆನ್ನೆ ಹಿಡಿದುಕೊಂಡು, ನಾನು ಬಿಟ್ಟುಬಂದ ಟ್ಯಾಬ್‌ನಲ್ಲಿ ತೋರಿಸಿಕೊಟ್ಟಿದ್ದ ಡಿಲೀಟ್ ಬಟನ್ನನ್ನು ಅವನು ಒತ್ತಬೇಕಿತ್ತು. ರೂಟರನ್ನು ಒಮ್ಮೆ ಆರಿಸಿ ಹಾಕಬೇಕಿತ್ತು.

ಎರಡನೇ ತಿರುವಿನಲ್ಲಿ ಕನ್ನಡಿ ನೋಡಿದೆ.

ಬೈಕು!

"ಹತ್ತಿರ ಬಂದ್ರು ಮೇಡಂ!"

"ಹಿಂದಿನ ಬಾಗಿಲು ತೆಗಿ! ಆ ದೊಡ್ಡ ಕೇಬಲ್ ಉರುಳೆ ತಳ್ಳು!"

ಅಕ್ಕ ತಳ್ಳಿದಳು. ಉರುಳೆ ರಸ್ತೆಗೆ ಬಿತ್ತು, ಕುಣಿಯಿತು, ಬಿಚ್ಚಿಕೊಂಡಿತು. ಬೈಕು ಅದರಲ್ಲಿ ಹೆಣೆದುಕೊಂಡು ಅಡ್ಡಬಿತ್ತು.

"ಅಯ್ಯೋ... ಹೊಸದಾ ಮೇಡಂ ಅದು?"

"ಆಗಿತ್ತು!"

ಮೆಕ್ಯಾನಿಕ್‌ನ ಫೋನು ಮತ್ತೆ ರಿಂಗಾಯಿತು. ಅದೇ ದನಿ. ಮರ್ಯಾದೆ ಮಾತ್ರ ಇರಲಿಲ್ಲ.

"ಏಯ್! ಏನೂ ಕಾಣಿಸ್ತಿಲ್ಲ. ಎಲ್ಲಿ ಅವನು?"

"ಬಾಗಿಲು ಹಾಕಿಕೊಂಡ್ವಿ ಸ್ವಾಮೀ," ಎಂದೆ. "ಇನ್ನು ಮುಂದೆ ಬೆಲ್ ಒತ್ತಿ ಬನ್ನಿ."

ಎರಡಕ್ಕೆ ಎಂಟು ನಿಮಿಷವಿರುವಾಗ ಮೆಕ್ಯಾನಿಕ್ ಕೋರ್ಟಿನ ಮೆಟ್ಟಿಲು ಹತ್ತಿದ. ಸಾಕ್ಷಿ ಕಟಕಟೆಯಲ್ಲಿ ನಿಂತು ಕಾರ್ಬನ್ ಪ್ರತಿ ಬಿಡಿಸಿದ. ಕಟ್ಟಡದ ಮಾಲೀಕ ಎರಡು ಸಲ ನೀರು ಕೇಳಿ ಕುಡಿದ.

ಭಾವ ಆಟೋ ಹಿಡಿದು ತಡವಾಗಿ ಬಂದು ಕೊನೆಯ ಬೆಂಚಿನಲ್ಲಿ ಕೂತ. ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು.

ನಮ್ಮ ವಕೀಲರು ಗಾಬರಿಯಾದರು. "ಏನ್ರೀ ಇದು! ಅವರ ಕಡೆಯವರು ಹೊಡೆದ್ರಾ?"

"ಛೆ ಛೆ," ಎಂದ ಭಾವ. "ನಮ್ಮ ಕಡೆಯವರೇ. ಅವರಾಗಿದ್ದರೆ ಇಷ್ಟು ಜೋರಾಗಿ ಹೊಡೀತಿರಲಿಲ್ಲ!"