ಉಣ್ಣೆ ನೂಲು ಸುತ್ತಿದ ಅರ್ತ್ ವೈರು

೧೯೮೪ರ ಮೇ ೧೧, ಶುಕ್ರವಾರ ಬೆಳಿಗ್ಗೆ. ಮಧುಗಿರಿ ಠಾಣೆಯ ಸಬ್ ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನಯ್ಯ ಕಾಫಿ ಲೋಟಕ್ಕೆ ಕೈ ಹಾಕುವಷ್ಟರಲ್ಲಿ ಐ.ಡಿ.ಹಳ್ಳಿಯ ಕುರಿಗಾಹಿ ಯತ್ತಪ್ಪ ದೂರು ಹೊತ್ತು ಬಂದ. ಹಿಂದಿನ ಮಧ್ಯಾಹ್ನ ಊರಿನ ಮದುವೆ ಚಪ್ಪರದಲ್ಲಿ ಸೋಬಾನೆ ಹಾಡಲು ಮೈಕ್ ಹಿಡಿದ ಅವನ ಹೆಂಡತಿ ಸರೋಜಮ್ಮನಿಗೆ ಶಾಕ್ ಹೊಡೆದು ಅಂಗೈ ಸುಟ್ಟಿತ್ತು. ಜೀವ ಉಳಿದದ್ದೇ ಪುಣ್ಯ.

“ಮೈಕ್ ಸೆಟ್ಟಿನ ಗಂಗಯ್ಯ ಅರ್ತ್ ಕೊಟ್ಟಿರ್ಲಿಲ್ಲ ಸ್ವಾಮಿ. ಅವನ್ನ ಒಳಿಕ್ ಹಾಕಿ.”

ಎಫ್.ಐ.ಆರ್. ದಾಖಲಾಯಿತು. ಹಗಲೂ ರಾತ್ರಿ ಕಿವಿ ಕೊರೆಯುವ ಮೈಕ್ ಸೆಟ್ಟಿನವರೆಂದರೆ ಮಲ್ಲಿಕಾರ್ಜುನಯ್ಯನವರಿಗೆ ಮೊದಲೇ ಅಷ್ಟಕ್ಕಷ್ಟೆ. ಸೆಟ್ಟು ಜಪ್ತಿಯಾದರೆ ಗಂಗಯ್ಯನ ಅನ್ನಕ್ಕೇ ಕಲ್ಲು ಬೀಳುತ್ತದೆಂದು ಗೊತ್ತಿದ್ದೂ ಅವನ ಮೇಲೆ ಕರುಣೆ ಹುಟ್ಟಲಿಲ್ಲ.

“ಅರ್ತ್ ಕೊಟ್ಟಿದ್ದೆ ಸಾರ್. ಸರಳು ಹೂತು ಉಪ್ಪುನೀರೂ ಹುಯ್ದಿದ್ದೆ,” ಎಂದು ಠಾಣೆಗೆ ಕರೆಸಿದಾಗ ಗಂಗಯ್ಯ ಹೇಳಿದ.

“ಎಲ್ಲರೂ ಹಾಗೇ ಹೇಳೋದು. ನಡಿ.”

ಮಧ್ಯಾಹ್ನ ಚಪ್ಪರದಲ್ಲಿ ಪಂಚನಾಮೆ. ಕಾನ್‌ಸ್ಟೇಬಲ್ ಬೈರಪ್ಪ ನೆಲ ಕೆದಕಿದ. ಕಬ್ಬಿಣದ ಸರಳು ಆಳಕ್ಕೆ ಇಳಿದಿತ್ತು, ಸುತ್ತಲ ಮಣ್ಣು ಇನ್ನೂ ಹಸಿ. ಅಲ್ಲಿಂದ ಹೊರಟ ತಾಮ್ರದ ವೈರು ಮಾತ್ರ ಆಂಪ್ಲಿಫೈಯರಿಗೆ ಸೇರಿರಲಿಲ್ಲ. ಅದನ್ನು ಕಂಬಕ್ಕೆ ಕಟ್ಟಲಾಗಿತ್ತು. ಆಂಪ್ಲಿಫೈಯರಿನ ಬೆನ್ನ ಮೇಲೆ ಆ ವೈರು ಸಿಕ್ಕಿಸುವ ತಿರುಪು ಬಿಗಿಯಾಗಿಯೇ ಇತ್ತು. ತಾನಾಗಿ ಕಳಚಿದ್ದಲ್ಲ, ಯಾರೋ ಬಿಚ್ಚಿದ್ದು.

“ಸಾರ್, ಕಟ್ಟಿರೋದು ಕೈಯಲ್ಲಿ ನೂತ ಉಣ್ಣೆ ನೂಲು,” ಎಂದ ಬೈರಪ್ಪ. “ಜನ ಎಡವದಂಗೆ ಎತ್ತಿ ಕಟ್ಟವ್ರೆ. ಕೆಡುಕು ಮಾಡೋನು ಇಷ್ಟು ಜ್ವಾಪಾನ ಮಾಡ್ತಾನಾ?”

ಲೈನ್‌ಮನ್ ರೇಣುಕಯ್ಯ ಆಂಪ್ಲಿಫೈಯರ್ ಬಿಚ್ಚಿ ತೋರಿಸಿದ. ಅಲುಗಾಡಿದಾಗ ಒಳಗಿನ ಸವೆದ ವೈರೊಂದು ಡಬ್ಬಕ್ಕೆ ತಾಗಿತ್ತು. ಅರ್ತ್ ಇದ್ದಿದ್ದರೆ ಕರೆಂಟು ನೆಲಕ್ಕೆ ಹೋಗಿ ಫ್ಯೂಸ್ ಹಾರುತ್ತಿತ್ತು. ಇಲ್ಲದ್ದರಿಂದ ಮೈಕಿನ ಮೂಲಕ ಸರೋಜಮ್ಮನ ಕೈಗೆ ಹರಿದಿತ್ತು.

ಸರೋಜಮ್ಮ ಮಲಗಿದ್ದ ಆಸ್ಪತ್ರೆಯ ಜಗಲಿಯಲ್ಲಿ ಯತ್ತಪ್ಪ ಕೂತಿದ್ದ. ಸುಮ್ಮನಿರಲಾರದ ಕೈ ಕದಿರಿನಲ್ಲಿ ಉಣ್ಣೆ ನೂಲುತ್ತಿತ್ತು. ಬೈರಪ್ಪ ಕಂಬದ ನೂಲನ್ನು ಅದರ ಪಕ್ಕಕ್ಕೆ ಹಿಡಿದ. ಎರಡೂ ಒಂದೇ.

“ಅರ್ತ್ ಇರಲಿಲ್ಲ ಅಂತ ನಿನಗೆ ಹೇಗೆ ಗೊತ್ತಾಯ್ತು?” ಮಲ್ಲಿಕಾರ್ಜುನಯ್ಯ ಕೇಳಿದರು.

ಕದಿರು ನಿಂತಿತು.

“ಮೈಕು ಗುಂಯ್ ಅಂತಿತ್ತು ಸ್ವಾಮಿ. ಹನ್ನೆರಡು ವರ್ಷದಿಂದ ಅವ್ಳ ಪದ ನಾನು, ಕುರಿ ಬುಟ್ರೆ ಯಾರೂ ಕೇಳಿಲ್ಲ. ಒಂದಿನ ಊರೆಲ್ಲಾ ಕೇಳ್ಲಿ ಅಂತ, ಗಂಗಣ್ಣ ಉಣ್ಣಾಕೆ ಹೋದಾಗ, ನೆಲದಿಂದ ಬರೋ ಆ ವೈರಿಂದ್ಲೇ ಗುಂಯ್ ಅಂತೈತೆ ಅಂದ್ಕಂಡು ಬಿಚ್ಚಿದೆ. ಗುಂಯ್ ಅನ್ನೋದು ನಿಂತೂ ಹೋಯ್ತು.”

“ಸುಳ್ಳು ಯಾಕೆ ಹೇಳಿದೆ?”

“ಹೆಂಡ್ತೀನ ನಾನೇ ಸಾಯಿಸ್ತಿದ್ದೆ ಅಂತ ಯಾವ ಬಾಯಲ್ಲಿ ಹೇಳ್ಲಿ?”

ಸಂಜೆ ಅವನನ್ನು ನಿರ್ಲಕ್ಷ್ಯದ ಆರೋಪದ ಮೇಲೆ ದಸ್ತಗಿರಿ ಮಾಡಿದರು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಕೇಸು. ಆದರೆ ಹೊಣೆ ನಿಲ್ಲುವವರು ಬೇಕಲ್ಲ? ಗಂಗಯ್ಯ ಮುಂದೆ ಬಂದ.

“ನಿನ್ನನ್ನೇ ಜೈಲಿಗೆ ಕಳಿಸೋಕೆ ಬಂದಿದ್ದನಲ್ಲಯ್ಯ!” ಎಂದರು ಮಲ್ಲಿಕಾರ್ಜುನಯ್ಯ.

“ಗುಂಯ್ ಅನ್ನೋದು ನಂಗೂ ಕೇಳ್ತಿತ್ತು ಸಾರ್. ಆಮ್ಯಾಕೆ ನೋಡಿದ್ರಾಯ್ತು ಅಂತ ಊಟಕ್ಕೆ ಹೋದೆ.”

ಆ ಗಳಿಗೆಯಲ್ಲಿ ಮಲ್ಲಿಕಾರ್ಜುನಯ್ಯನವರಿಗೆ ಗಂಗಯ್ಯನ ಮೇಲೆ ನಿಜಕ್ಕೂ ಗೌರವ ಹುಟ್ಟಿತು. ಬೆಳಗಿನ ತಮ್ಮ ಮಾತಿಗೆ ನಾಚಿಕೆಯೂ ಆಯಿತು.

ಠಾಣೆಯ ಮೆಟ್ಟಿಲಿಳಿಯುತ್ತ ಗಂಗಯ್ಯ ಯತ್ತಪ್ಪನಿಗೆ ಹೇಳಿದ: “ಮುಂದಿನ ತಿಂಗಳು ಶಿರಾದಾಗೆ ಮದುವೆ ಐತೆ. ಅಕ್ಕನ್ನ ಕರ್ಕಂಬಾ. ಗುಂಯ್ ಅನ್ನದಂಗೆ ನಾನು ನೋಡ್ಕಂತೀನಿ.”

“ಮೈಕು ಮುಟ್ಟಾಕೆ ಹೆದರ್ಕಂತಾಳೆ ಕಣಣ್ಣ.”

“ಮುಟ್ಟೋದ್ಯಾಕೆ? ಸ್ಟ್ಯಾಂಡ್ ಇಡ್ತೀನಿ. ಮದ್ಲು ನಾನೇ ಹಿಡ್ಕಂಡು ತೋರಿಸ್ತೀನಿ. ಆಮ್ಯಾಕೆ ಹಾಡ್ಲಿ.”