ಬೇರೆಯವರ ಹೆಸರಲ್ಲಿ

"ನಾ ಒಲ್ಲೆರೀ," ಅಂದುಬಿಟ್ಟ ಕಲ್ಲಿನಾಥ.

ಲೆಮಾಂಟ್ ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಪುಳಿಯೋಗರೆ ಪ್ಲೇಟು ಹಿಡಿದು ನಿಂತಿದ್ದ ಸುಹಾಸಿನಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಎಷ್ಟೋ ದಿನ ಮನಸ್ಸಿನಲ್ಲೇ ಅಂದು ನೋಡಿ, ನಾಚಿಕೆ ಬಿಟ್ಟು ಕೇಳಿದ್ದಳು.

"ಯಾಕೆ ಅಂತ ಕೇಳಬಹುದಾ?"

"ಕೇಳಬ್ಯಾಡ್ರಿ. ಈಗ ಹೇಳಿದ್ರ ನೀವು ಇನ್ನೂ ಅಂಜತೀರಿ."

ಹಾಗೆಂದು ಅವಳ ಮುಖವನ್ನೇ ಒಂದು ಗಳಿಗೆ ನೋಡಿದ. ನೋಡಿದ್ದು ತಪ್ಪಾಯಿತೇನೋ ಎಂಬಂತೆ ಕಣ್ಣು ಅವಳ ಪ್ಲೇಟಿನ ಮೇಲೆ ಇಳಿಯಿತು, ಅಲ್ಲಿಂದ ತನ್ನ ಶೂ ಮೇಲೆ. ಬೇರೆ ದಿನವಾಗಿದ್ದರೆ ಆ ನೋಟವನ್ನು ಅವಳು ಮನೆಗೆ ಒಯ್ದು, ಪಾತ್ರೆ ತೊಳೆಯುವಾಗ ನೆನೆಸಿಕೊಂಡು ನಗುತ್ತಿದ್ದಳು. ಇವತ್ತು ಸಿಟ್ಟು ಬಂತು.

ಕೇಳಿದ್ದಾದರೂ ಏನು? ತನ್ನ ಉಳಿತಾಯದ ದುಡ್ಡನ್ನು ನಾಲ್ಕು ತಿಂಗಳು ಅವನ ಅಕೌಂಟಿನಲ್ಲಿ ಇಟ್ಟುಕೊಳ್ಳಿ ಅಂತ. ಕೊಡಿ ಅಂದಿರಲಿಲ್ಲ, ಇಟ್ಟುಕೊಳ್ಳಿ ಅಂದಿದ್ದಳು.

ಅದು ಎರಡು ಸಾವಿರದ ಒಂಬತ್ತರ ಅಕ್ಟೋಬರ್. ಬೋಲಿಂಗ್‌ಬ್ರೂಕ್‌ನ ಅವಳ ಅಪಾರ್ಟ್‌ಮೆಂಟ್ ಸುತ್ತಲ ಬಡಾವಣೆಗಳಲ್ಲಿ ಸಾಲ ಕಟ್ಟಲಾಗದವರ ಮನೆಗಳನ್ನು ಬ್ಯಾಂಕು ಕಿತ್ತುಕೊಳ್ಳುತ್ತಿತ್ತು. ಆಶ್ರಿತ್ ಜೊತೆ ಡೈವೋರ್ಸ್ ಆಗಿ, ಅವನು ಕೆಲಸ ಕಳೆದುಕೊಂಡು ಊರಿಗೆ ಹೋದ ಮೇಲೆ, ಏಳು ವರ್ಷದ ಅಕ್ಷರಾ ಜೊತೆ ಸುಹಾಸಿನಿ ತಲೆಯೆತ್ತಿ ನಿಂತಿದ್ದು ಸರ್ಕಾರದ ಬಾಡಿಗೆ ಸಹಾಯದಿಂದ. ಬೆಳಿಗ್ಗೆ ಕಮ್ಯೂನಿಟಿ ಕಾಲೇಜಿನಲ್ಲಿ ನರ್ಸಿಂಗ್ ಕೋರ್ಸು, ಸಂಜೆ ವೇರ್‌ಹೌಸಿನಲ್ಲಿ ಪಾರ್ಟ್‌ಟೈಮ್ ಕೆಲಸ. ಕೋರ್ಸಿಗೆ ಸೇರುವ ಮೊದಲಿನ ಪೂರ್ತಿ ಸಂಬಳದಲ್ಲಿ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ್ದ ಒಂದಿಷ್ಟು ಸೇವಿಂಗ್ಸ್ ಇತ್ತು. ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ ಅವಳಿಗೆ ನಿದ್ದೆ ಬರುತ್ತಿದ್ದದ್ದು ಆ ದುಡ್ಡಿದೆ ಎಂಬ ಧೈರ್ಯದಿಂದ.

ಈಗ ಅದೇ ದುಡ್ಡು ನಿದ್ದೆ ಕೆಡಿಸಿತ್ತು. ವರ್ಷಕ್ಕೊಮ್ಮೆಯ ಇಂಟರ್‌ವ್ಯೂಗೆ ಬಾಡಿಗೆ ಸಹಾಯ ಕೊಡುವ ಹೌಸಿಂಗ್ ಆಫೀಸಿನವರು ಕರೆದಿದ್ದರು. ಕಳೆದ ಸಲ ಇನ್ನೂ ಕೋರ್ಸಿಗೆ ಸೇರಿರಲಿಲ್ಲ, ದುಡ್ಡೂ ಇಷ್ಟಿರಲಿಲ್ಲ.

"ಸ್ಟೂಡೆಂಟ್ ಅಂದ್ರೇನೇ ಸಹಾಯ ನಿಲ್ಲಿಸ್ತಾರೆ ಕಣಮ್ಮ, ಅದ್ರ ಮೇಲೆ ಸೇವಿಂಗ್ಸ್ ಬೇರೆ!" ಅಂದಿದ್ದರು ಅಂಬುಜಾ ಆಂಟಿ. ಸಂಜೆ ಕೆಲಸದ ಹೊತ್ತಿನಲ್ಲಿ ಅಕ್ಷರಾಳನ್ನು ನೋಡಿಕೊಳ್ಳುವ ಮೈಸೂರಿನ ತಾಯಿಹೃದಯದ ಹೆಂಗಸು. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ. "ಶಾಮ್‌ಬರ್ಗ್‌ನಲ್ಲಿ ಯಾರಿಗೋ ಮನೆ ಖಾಲಿ ಮಾಡ್ಸಿದ್ರಂತೆ. ಹಾವೂ ಸಾಯಬೇಕು, ಕೋಲೂ ಮುರೀಬಾರದು. ಬೇರೆಯವರ ಹೆಸರಲ್ಲಿ ಇಟ್ಬಿಡು. ನಮ್ಮೂರಲ್ಲಿ ಸೈಟು ತಗೊಂಡೋರೆಲ್ಲ ಹಾಗೇ ಅಲ್ವಾ ಮಾಡಿದ್ದು?"

ಬೇರೆಯವರು ಅಂದಾಗ ಸುಹಾಸಿನಿಗೆ ಹೊಳೆದದ್ದು ಒಂದೇ ಹೆಸರು. ಕಲ್ಲಿನಾಥ ಧಾರವಾಡದ ಕಡೆಯವನು. ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದು, ಲೇಆಫ್ ಆಗಿ, ಸಿಕ್ಕಿದ ವೇರ್‌ಹೌಸ್ ಸೂಪರ್‌ವೈಸರ್ ಕೆಲಸ ಹಿಡಿದು ಆಂಟಿಯ ಬೇಸ್‌ಮೆಂಟಿಗೆ ಬಾಡಿಗೆಗೆ ಬಂದಿದ್ದ. ಆಶ್ರಿತ್ ಜಾಯಿಂಟ್ ಅಕೌಂಟನ್ನು ಗುಡಿಸಿ ಹಾಕಿದ ಮೇಲೆ ಗಂಡಸರ ಕೈಗೆ ಚಿಲ್ಲರೆ ಕೊಡಲೂ ಹೆದರುತ್ತಿದ್ದವಳು ಇವನನ್ನು ನಂಬಿದ್ದಳು. ಅವನು ಒಲ್ಲೆ ಅಂದ.

ಇಂಟರ್‌ವ್ಯೂ ಹತ್ತಿರವಾದಷ್ಟೂ ಹೆದರಿಕೆ ಹೆಚ್ಚಿತು. ಬ್ಯಾಂಕಿನವರು ಹೊರಹಾಕಿಸಿದ್ದ ಎದುರು ಮನೆಯವರ ಸೋಫಾ, ಮಗುವಿನ ಸೈಕಲ್ಲು ಎಲ್ಲ ಹುಲ್ಲಿನ ಮೇಲೆ ಬಿದ್ದಿದ್ದನ್ನು ಒಂದು ಬೆಳಿಗ್ಗೆ ನೋಡಿದಳು. "ಆರ್ ದೇ ಮೂವಿಂಗ್, ಅಮ್ಮಾ?" ಅಂತ ಅಕ್ಷರಾ ಕೇಳಿದಾಗ ಅವಳ ಕೈ ಹಿಡಿದು ಬೇಗ ಬೇಗ ಮುಂದೆ ನಡೆದಳು. ಬಾಗಿಲು ತಟ್ಟಿದರೆ ಕಿಟಕಿಯಿಂದ ಇಣುಕಿ ನೋಡದೆ ತೆರೆಯುತ್ತಿರಲಿಲ್ಲ. ಆಫೀಸಿನವರು ಚಿನ್ನ ನೋಡಿಬಿಟ್ಟರೆ ಅಂತ ಅಮ್ಮ ಕೊಟ್ಟ ಬಳೆಗಳನ್ನೂ ಬಿಚ್ಚಿಟ್ಟಳು.

ಕೊನೆಗೆ ಇಂಟರ್‌ವ್ಯೂ ಹಿಂದಿನ ದಿನ, ಆಂಟಿಯ ಗಂಡ ದ್ವಾರಕಾನಾಥ್ ಅಂಕಲ್ ಹೆಸರಿಗೆ ಚೆಕ್ ಬರೆಯಲು ಆಂಟಿಯ ಅಡುಗೆಮನೆಯಲ್ಲಿ ಕೂತಳು. ಆಂಟಿ ಮೇಲೆ ಅಂಕಲ್‌ನ ಕರೆಯಲು ಹೋಗಿದ್ದರು. ಬೇಸ್‌ಮೆಂಟಿನ ಮೆಟ್ಟಿಲಿನಿಂದ ಕಲ್ಲಿನಾಥನ ತಲೆ ಕಾಣಿಸಿತು.

"ಬರೀಬ್ಯಾಡ್ರಿ," ಅಂದ.

"ನೀವು ಒಲ್ಲೆ ಅಂದಿದ್ದಾಯ್ತಲ್ಲ. ಇನ್ನೇನು?"

"ಇದ್ದದ್ದು ಇದ್ದಂಗ ಹೇಳ್ರಿ ಅವರಿಗೆ. ಸುಳ್ಳು ಹೇಳಿ ಸಿಕ್ಕರ ನಿಮ್ಮ ಮಾತಿಗೆ ಕಿಮ್ಮತ್ತು ಎಲ್ಲಿ ಉಳೀತದ?"

"ಉಪದೇಶ ಸುಲಭ!" ಅವಳು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದಳು. "ಮನೆ ಹೋದ್ರೆ ಮಗೂನ ಎಲ್ಲಿ ಮಲಗಿಸ್ಲಿ? ನಿಮ್ಮನ್ನ ನಂಬಿದ್ದೆ. ಒಂದು ಕಾರಣನೂ ಹೇಳ್ಲಿಲ್ಲ ನೀವು."

ಕಲ್ಲಿನಾಥ ಫ್ರಿಜ್ಜಿಗೆ ಅಂಟಿಸಿದ್ದ ಕ್ಯಾಲೆಂಡರನ್ನು ನೋಡಿದ. ಕಿವಿ ಕೆಂಪಾಗಿತ್ತು.

"ನಿಮ್ಮ ರೊಕ್ಕ ನನ್ನ ಕೈಯಾಗ ಇದ್ದಾಗ, ನನ್ನ ಮದುವಿ ಆಗ್ತೀರೇನು ಅಂತ ನಾ ಕೇಳಿದ್ರ, ನಿಮಗ ಇಲ್ಲ ಅನ್ನಲಿಕ್ಕೆ ಹೆಂಗ ಧೈರ್ಯ ಬರತದ್ರೀ? ಅದಕ್ಕ ಒಲ್ಲೆ ಅಂದೆ."

ಸುಹಾಸಿನಿಗೆ ಎಷ್ಟು ಸಂತೋಷವಾಯಿತೆಂದರೆ ಅಳು ಬಂತು, ಅಳುವಿನ ಬೆನ್ನಿಗೇ ಹೊಸ ಹೆದರಿಕೆಯೂ ಬಂತು. ಸಿಂಗಲ್ ಪೇರೆಂಟ್ ಅಂತ ತಾನೇ ಸಹಾಯ ಸಿಕ್ಕಿದ್ದು? ಇವನನ್ನು ಪ್ರೀತಿಸಿದರೆ ಅದಕ್ಕೂ ಮನೆ ಹೋಗುತ್ತದೆಯೋ ಏನೋ!

"ಈ ಮಾತನ್ನ ನಾಳೆ ಆದ್ಮೇಲೆ ಹೇಳೋಕೆ ಆಗ್ತಿರ್ಲಿಲ್ವಾ?" ಅಂದಳು, ಕಣ್ಣು ಒರೆಸಿಕೊಳ್ಳುತ್ತಾ.

"ಅದನ್ನೇ ಹೇಳಿದ್ನಲ್ಲರೀ, ಅಂಜತೀರಿ ಅಂತ."

ನಗು ತಡೆಯಲಾಗಲಿಲ್ಲ. ಚೆಕ್ ಬರೆಯಲಿಲ್ಲ.

ಮರುದಿನ ಶಾಲೆಗೆ ರಜೆ. ಅವನೇ ತಾಯಿ ಮಗಳಿಬ್ಬರನ್ನೂ ಕಾರಿನಲ್ಲಿ ಹೌಸಿಂಗ್ ಆಫೀಸಿಗೆ ಕರೆದುಕೊಂಡು ಹೋದ. ಅಕ್ಷರಾಳನ್ನು ಅವನ ಜೊತೆ ಕಾರಿನಲ್ಲಿ ಬಿಟ್ಟು ಸುಹಾಸಿನಿ ಒಳಗೆ ಹೋದಳು. ಕನ್ನಡಕ ಹಾಕಿದ್ದ ವಯಸ್ಸಾದ ಆಫೀಸರ್ ಹೆಂಗಸು ಒಂದೊಂದೇ ಕೇಳತೊಡಗಿದರು.

ವಿದ್ಯಾರ್ಥಿನಿಯೇ? ಹೌದು. ಉಳಿತಾಯ? ಇದೆ. ಬ್ಯಾಂಕಿನ ಕಾಗದವನ್ನು ಮುಂದೆ ತಳ್ಳಿದಳು. ಮನೆಯಲ್ಲಿ ಬೇರೆ ಯಾರಾದರೂ ಇದ್ದಾರೆಯೇ? ಇಲ್ಲ, ನಾನು, ನನ್ನ ಮಗಳು.

ಆಕೆ ಟೈಪ್ ಮಾಡುತ್ತಲೇ ಇದ್ದರು. ಹುಲ್ಲಿನ ಮೇಲಿನ ಆ ಸೋಫಾ ಸುಹಾಸಿನಿಯ ಕಣ್ಣ ಮುಂದೆಯೇ ನಿಂತಿತ್ತು. ಗೋಡೆಗೆ ಒರಗಿ ಅತ್ತುಬಿಡೋಣ ಅನ್ನಿಸಿತು.

"ಈ ಎರಡು ವರ್ಷದಲ್ಲಿ ಯಾರಿಗಾದರೂ ದುಡ್ಡು ಸುಮ್ಮನೆ ಕೊಟ್ಟಿದ್ದೀರಾ? ಯಾರ ಹೆಸರಿಗಾದರೂ ಬದಲಾಯಿಸಿದ್ದೀರಾ?"

ನಿನ್ನೆ ಆ ಚೆಕ್ ಬರೆದಿದ್ದರೆ ಈ ಪ್ರಶ್ನೆಗೆ ಏನು ಹೇಳುತ್ತಿದ್ದಳು? "ಇಲ್ಲ," ಅಂದಳು. ಅದು ನಿಜವಾಗಿತ್ತು.

"ಸರಿ. ನಿಮಗೆ ಮಗುವಿದೆ, ಓದುವುದರಿಂದ ತೊಂದರೆ ಇಲ್ಲ. ಉಳಿತಾಯ ಇದ್ದರೂ ಮನೆ ಹೋಗುವುದಿಲ್ಲ. ಅದರ ಬಡ್ಡಿಯನ್ನಷ್ಟೇ ಆದಾಯಕ್ಕೆ ಸೇರಿಸುತ್ತೇವೆ. ನಿಮ್ಮ ಪಾಲಿನ ಬಾಡಿಗೆ ಸ್ವಲ್ಪ ಏರಬಹುದು."

ಅಷ್ಟೇ! ಇಷ್ಟು ದಿನ ಊಟ ಸೇರದಂತೆ ಮಾಡಿದ ಭೂತ ಇಷ್ಟೇ! ಏಳಲು ಹೊರಟವಳು ಮತ್ತೆ ಕೂತಳು.

"ಒಂದು ವೇಳೆ... ನಾನು ಮದುವೆಯಾದರೆ?"

ಆಕೆ ಕನ್ನಡಕ ತೆಗೆದರು. "ತಕ್ಷಣ ಬಂದು ಹೇಳಿ. ಅವರ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ. ಆಗ ಸಹಾಯ ಕಡಿಮೆಯಾಗಬಹುದು, ನಿಂತರೂ ನಿಲ್ಲಬಹುದು. ಮುಚ್ಚಿಡಬೇಡಿ, ಅಷ್ಟೇ. ಕಂಗ್ರಾಚುಲೇಷನ್ಸ್ ಹೇಳಲೇ?"

"ಇನ್ನೂ ಇಲ್ಲ," ಅಂದ ಸುಹಾಸಿನಿಯ ಕೆನ್ನೆ ಬಿಸಿಯಾಯಿತು.

ಕಾರಿನಲ್ಲಿ ಅಕ್ಷರಾ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಸುಹಾಸಿನಿ ಪಿಸುದನಿಯಲ್ಲಿ ಎಲ್ಲ ಹೇಳಿದಳು. ಕಲ್ಲಿನಾಥ ನೆಮ್ಮದಿಯ ಉಸಿರು ಬಿಟ್ಟ. ಆದರೆ ಮುಖ ಅರಳಲಿಲ್ಲ.

"ಏನಾಯ್ತು?"

"ಟ್ರಾಯ್‌ನಿಂದ ಫೋನ್ ಬಂದಿತ್ತರೀ, ಈಗ. ಹಳೇ ಕೆಲಸಕ್ಕ ವಾಪಸ್ ಕರೀಲಿಕ್ಕತ್ತಾರ. ನೀವು ಇರು ಅಂದ್ರ ನಾ ಹೋಗಂಗಿಲ್ಲ."

ಒಂದು ಹೆದರಿಕೆ ಇಳಿಸಿ ಬಂದರೆ ಬಾಗಿಲಲ್ಲೇ ಇನ್ನೊಂದು ಕಾದಿತ್ತು. ಟ್ರಾಯ್ ಇರುವುದು ಮಿಶಿಗನ್‌ನಲ್ಲಿ, ಮುನ್ನೂರು ಮೈಲಿ ದೂರ. ಹೋದ ಗಂಡಸರು ಮರಳುತ್ತಾರೆಂಬುದಕ್ಕೆ ಅವಳ ಬದುಕಿನಲ್ಲಿ ಸಾಕ್ಷಿ ಇರಲಿಲ್ಲ. ಇರಿ ಅಂದುಬಿಡೋಣ ಅನ್ನಿಸಿತು. ಆದರೆ ದುಡ್ಡು ಒಲ್ಲೆ ಅಂದು ಅವನು ತನಗೆ ಇಲ್ಲ ಅನ್ನುವ ದಾರಿಯನ್ನು ತೆರೆದಿಟ್ಟಿದ್ದ. ತಾನೂ ಅವನಿಗೆ ದಾರಿ ಬಿಡಬೇಕು.

"ಹೋಗಿ," ಅಂದಳು. "ನನಗೆ ತುಂಬಾ ಭಯ ಆಗ್ತಿದೆ. ಆದ್ರೂ ಹೋಗಿ. ನನ್ನ ಕೋರ್ಸ್ ಮುಗೀಬೇಕು, ನಿಮ್ಮ ಕೆಲಸ ಭದ್ರ ಆಗ್ಬೇಕು. ವೀಕೆಂಡ್‌ಗೆ ಬನ್ನಿ, ಆಂಟಿ ಬೇಸ್‌ಮೆಂಟ್‌ಗೆ."

"ಆಮ್ಯಾಲೆ?"

"ಕೋರ್ಸ್ ಮುಗಿದ ಮೇಲೆ ಇದೇ ಆಫೀಸಿಗೆ ಬಂದು ಹೇಳ್ತೀನಿ. ಸಹಾಯ ನಿಂತ್ರೂ ನಿಲ್ಲಲಿ."

"ಏನಂತ ಹೇಳ್ತೀರಿ?"

ಸುಹಾಸಿನಿ ಗೇರ್ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು.

"ನಮ್ಮನೇಲಿ ಈಗ ಮೂರು ಜನ ಅಂತ."